ಉಡಿ ತುಂಬಿದ ಮೇಲೆ ಜೀಪು ನೋಡಿದ್ದು

ನಾನು ಕುರಿಗಳ ಡಾಕ್ಟರು. ಹಲ್ಲು ನೋಡಿ ಕುರಿಯ ವಯಸ್ಸು ಹೇಳಬಲ್ಲೆ, ಹಿಕ್ಕೆ ನೋಡಿ ಅದರ ಹೊಟ್ಟೆಯ ಸುದ್ದಿ ಹೇಳಬಲ್ಲೆ. ಜೀಪಿನ ಬಗ್ಗೆ ಮಾತ್ರ ನನಗೆ ಗೊತ್ತಿದ್ದದ್ದು ಎರಡೇ ಸಂಗತಿ. ಅದರಲ್ಲಿ ಕೂತರೆ ಸೊಂಟ ನೋಯುತ್ತದೆ, ಅದು ಕೆಟ್ಟು ನಿಂತರೆ ಲಸಿಕೆ ಹಾಳಾಗುತ್ತದೆ. ಹೀಗಿದ್ದರೂ ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಮಳೆಗಾಲದ ಕೊನೆಗೆ, ನಮ್ಮ ಕುರಿಗಾರರ ಸಂಘಕ್ಕೆ ಒಂದು ಹಳೆಯ ಡೀಸೆಲ್ ಜೀಪು ಆರಿಸುವ ಕೆಲಸ ನನ್ನ ತಲೆಗೇ ಬಂತು. ನಾಲ್ಕೂ ಗಾಲಿ ಎಳೆಯುವಂಥದ್ದು ಬೇಕು, ದೂರ ದೂರ ಓಡಿದರೂ ಕೈಕೊಡಬಾರದು, ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ. ಅಧ್ಯಕ್ಷರು ಇಷ್ಟು ಹೇಳಿ, "ನೀವ ಅದರಾಗ ಅಡ್ಡ್ಯಾಡವರು, ನೀವ ನೋಡ್ರಿ" ಎಂದು ಕೈತೊಳೆದುಕೊಂಡರು.

ಸಂಘದ ಕಚೇರಿ ಬೆಳಗಾವಿಯ ಮಹಾಂತೇಶ ನಗರದ ಒಂದು ಮನೆಯ ಮಹಡಿಯ ಮೇಲಿನ ಎರಡು ಕೋಣೆ. ಅಲ್ಲಿ ಕುಳಿತು ಮಾಡುವ ಕೆಲಸ ಕಡಿಮೆ. ನಮ್ಮ ಕುರಿಗಾರರು ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ಹೊರಟರೆ ಮತ್ತೆ ತಮ್ಮ ಊರು ಕಾಣುವುದು ಬೇಸಿಗೆ ಕಳೆದ ಮೇಲೆಯೇ. ಭತ್ತ ಕೊಯ್ದ ಖಾನಾಪುರದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಅವರು ಕಾಡಿನ ಅಂಚಿನವರೆಗೂ ಹೋಗುತ್ತಾರೆ. ಐಸು ತುಂಬಿದ ಪೆಟ್ಟಿಗೆಯಲ್ಲಿ ಕುರಿ ಸಿಡುಬಿನ ಲಸಿಕೆ ಇಟ್ಟುಕೊಂಡು ನಾನು ಅವರನ್ನು ಹುಡುಕುತ್ತ ಹಿಂದೆ ಹೋಗಬೇಕು. ಆ ಲಸಿಕೆಗೆ ಜೀವ ಇರುವುದು ತಣ್ಣಗಿರುವವರೆಗೆ ಮಾತ್ರ.

ಅದರ ಹಿಂದಿನ ವರ್ಷ ಬಾಡಿಗೆ ಜೀಪಿನಲ್ಲಿ ಹೋಗಿದ್ದೆ. ಅದು ನಡುದಾರಿಯಲ್ಲಿ ನಿಂತಿತು. ಡ್ರೈವರು ಯಾವುದೋ ಲಾರಿ ಹತ್ತಿ ಸಾಮಾನು ತರಲು ಹೋದ. ಮರುದಿನ ಮಧ್ಯಾಹ್ನ ಹಿಂಡಿನ ಹತ್ತಿರ ಮುಟ್ಟಿದಾಗ ಪೆಟ್ಟಿಗೆಯಲ್ಲಿ ಐಸು ಇರಲಿಲ್ಲ, ನೀರಿತ್ತು. ಕೈ ಅದ್ದಿದರೆ ಆ ನೀರು ತಣ್ಣಗೂ ಇರಲಿಲ್ಲ. ಅಲ್ಲಿ ನೋಡಿದರೆ ನಾಲ್ಕು ಹಿಂಡಿನವರು ಹಿಂದಿನ ದಿನದಿಂದ ಕುರಿಗಳನ್ನು ಮೇಯಲು ಬಿಡದೆ ಕೂಡಿಹಾಕಿಕೊಂಡು ನನ್ನ ದಾರಿ ಕಾಯುತ್ತಿದ್ದಾರೆ. ಹೆಂಗಸರು ನನಗೆಂದೇ ರೊಟ್ಟಿ, ಪುಂಡಿಪಲ್ಯ ಮಾಡಿ ಬಟ್ಟೆ ಮುಚ್ಚಿಟ್ಟಿದ್ದಾರೆ. ಲಸಿಕೆ ಸತ್ತಿದೆ, ಇವತ್ತು ಹಾಕುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ದಾಕ್ಷಿಣ್ಯ ನನ್ನ ಹುಟ್ಟುರೋಗ. ಒಂದೊಂದಾಗಿ ಎಲ್ಲ ಕುರಿಗೂ ಚುಚ್ಚಿ, ರೊಟ್ಟಿ ಉಂಡು ಬಂದೆ. ತಿಂಗಳು ಕಳೆಯುವುದರೊಳಗೆ ಆ ಹಿಂಡುಗಳಲ್ಲಿ ಸಿಡುಬು ಬಿತ್ತು. ಹೆಚ್ಚು ಮರಿ ಸತ್ತದ್ದು ಅವತ್ತು ನನ್ನ ಪಕ್ಕದಲ್ಲಿ ನಿಂತು ಬಾಟಲಿ ಹಿಡಿದುಕೊಟ್ಟಿದ್ದ ಹಿರಿಯ ಕುರಿಗಾರರ ಹಿಂಡಿನಲ್ಲಿ. ಕಾರಣ ನಾನು ಯಾರಿಗೂ ಹೇಳಲಿಲ್ಲ.

ಈಗ ಸಂಘದವರು ಜೀಪು ನೋಡಲು ನನ್ನ ಜೊತೆಗೆ ಕಳಿಸಿದ್ದು ಆ ಹಿರಿಯರನ್ನೇ. ಅವರ ಪಕ್ಕ ಬಸ್ಸಿನಲ್ಲಿ ಕೂರುವುದೇ ನನಗೆ ಶಿಕ್ಷೆಯಾಗಿತ್ತು. ಅವರು ಕಂಬಳಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುವವರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದೆ.

ಮೊದಲು ಮಚ್ಛೆಗೆ ಹೋಗಿ ಅಲ್ಲಿನ ಮಿಸ್ತ್ರಿಯನ್ನು ಕಂಡೆವು. ಕಾರ್ಖಾನೆಗಳ ಸಾಲಿನ ಹಿಂದೆ ಅವನ ಗ್ಯಾರೇಜು. ಲಸಿಕೆ ಪಟ್ಟಿಯ ಒಂದು ಹಾಳೆಯ ಹಿಂಬದಿಗೆ ನೋಡಬೇಕಾದ್ದನ್ನೆಲ್ಲ ಅವನು ಬರೆದುಕೊಟ್ಟ. ಹೊಗೆಯ ಬಣ್ಣ, ರೇಡಿಯೇಟರಿನ ನೀರಿನಲ್ಲಿ ಎಣ್ಣೆ ತೇಲುತ್ತದೆಯೇ, ಚಾಸಿಯಲ್ಲಿ ಬಿರುಕು, ಗಾಲಿಯ ಮೇಲಿನ ಪಾಟಾ ಸ್ಪ್ರಿಂಗಿನ ಪಟ್ಟಿ, ಕಾಗದದಲ್ಲಿರುವ ನಂಬರು ಗಾಡಿಯ ಮೇಲೂ ಅದೇ ಇದೆಯೇ. ಎಲ್ಲಕ್ಕಿಂತ ಮೇಲೆ, ಎರಡು ಗೆರೆ ಎಳೆದು ಬರೆದದ್ದು: ತಣ್ಣಗಿದ್ದಾಗ ಚಾಲೂ ಮಾಡಿ ನೋಡುವುದು.

"ಡೀಸೆಲ್ ಇಂಜಿನ್ ಬಿಸಿ ಇದ್ದಾಗ ಬರೇ ಸುಳ್ಳ ಹೇಳತೈತ್ರೀ ಡಾಕ್ಟರ ಬಾಯಾರ," ಎಂದ. "ಇದಕ್ಕ ಕಿಡಿ ಇರೂದಿಲ್ಲ. ಗಾಳೀನ ಒತ್ತಿ ಒತ್ತಿ ಕಾಸಿ ಡೀಸೆಲ್ ಉರಸತೈತಿ. ಒಳಗ ಪಿಸ್ಟನ್ನಿನ ರಿಂಗ್ ಸವದ್ರ ಗಾಳಿ ಸೋರತೈತಿ, ಗಾಳಿ ಸೋರಿದ್ರ ತಣ್ಣಗಿದ್ದಾಗ ಹತ್ತೂದಿಲ್ಲ. ಮುಂಜಾನಿ ಹೋಗಿ ಇಂಜಿನ್ ಮ್ಯಾಲ ಕೈ ಇಟ್ಟ ನೋಡ್ರಿ, ಆಮ್ಯಾಲ ಕೀಲಿ ತಿರುವ್ರಿ."

ಪೀರನವಾಡಿಯಲ್ಲಿ ನೋಡಿದ ಮೊದಲ ಜೀಪು ಯಾವುದೋ ಹರಾಜಿನಲ್ಲಿ ಬಂದದ್ದು. ಚಾಲೂ ಆದೊಡನೆ ನೀಲಿ ಹೊಗೆ ಎದ್ದು ಓಣಿಯ ಜನ ಕಿಟಕಿ ಹಾಕಿಕೊಂಡರು. ನೀಲಿ ಹೊಗೆ ಅಂದರೆ ಇಂಜಿನ್ ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿದೆ ಎಂದು ಅರ್ಥ. ಅಲ್ಲಿಂದ ಹಾಗೇ ಬಂದೆವು.

ಎರಡನೆಯದು ಮಚ್ಛೆಯಲ್ಲೇ ಇತ್ತು, ಒಬ್ಬ ಲೇತ್ ಕೆಲಸದವರದು. ಮೇಲೆ ಹೊದಿಸಿದ ಹುಡ್ಡು ಹರಿದಿತ್ತು, ಎಡಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು, ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ತಣ್ಣಗಿದ್ದದ್ದು ಮೊದಲ ತಿರುವಿಗೇ ಚಾಲೂ ಆಯಿತು. ಆದರೆ ಜೊತೆಗೆ ಬಂದಿದ್ದ ಮಿಸ್ತ್ರಿ ಅದನ್ನು ಅಂಗಳದ ಕೆಸರಿಗೆ ಇಳಿಸಿ ನಾಲ್ಕು ಗಾಲಿಯ ಹಿಡಿಕೆ ಎಳೆದರೆ ಮುಂದಿನ ಗಾಲಿ ಮಿಸುಕಲಿಲ್ಲ.

ಮಾಲೀಕರು ಏನೂ ಮುಚ್ಚಿಡಲಿಲ್ಲ. "ಮುಂದಿನ ಗಾಲಿ ತಿರುಗಸೂ ಶಾಫ್ಟ್ ಬಿಚ್ಚಿ ಅಟ್ಟದ ಮ್ಯಾಲ ಇಟ್ಟೇನ್ರಿ. ಸಿಟಿಯೊಳಗ ಅದರ ಕೆಲಸ ಏನೈತಿ? ಸುಮ್ಮನ ಡೀಸೆಲ್ ಕುಡೀತಿತ್ತು."

ಮಿಸ್ತ್ರಿಗೆ ಇಂಜಿನ್ನು ಮನಸ್ಸಿಗೆ ಬಂದಿತ್ತು. ನನಗೆ ಬರಲಿಲ್ಲ. ನಾಲ್ಕು ಗಾಲಿ ಎಳೆಯುವ ಜೀಪು ಬೇಕೆಂದು ಹೊರಟವಳು ಎರಡೇ ಗಾಲಿ ಎಳೆಯುವುದನ್ನು, ಅದೂ ಹಗ್ಗ ಕಟ್ಟಿದ್ದನ್ನು, ಅಧ್ಯಕ್ಷರಿಗೆ ಯಾವ ಮುಖದಿಂದ ತೋರಿಸಲಿ? ಬೇಡ ಎನ್ನಲು ಇಲ್ಲೂ ನಾಲಿಗೆ ಏಳದೆ, "ವಿಚಾರ ಮಾಡಿ ಹೇಳತೇವ್ರಿ" ಎಂದು ಜಾರಿಕೊಂಡೆ.

ದೀಪಾವಳಿಗೆ ಇನ್ನು ಹನ್ನೆರಡು ದಿನ ಉಳಿದಿತ್ತು. ಖಾನಾಪುರದಲ್ಲಿ ಹಂಚಿನ ಭಟ್ಟಿಯವರೊಬ್ಬರ ಜೀಪು ಇದೆಯೆಂದು, ಅವರು ಹೇಳುವ ಬೆಲೆಯೂ ನಮ್ಮ ಕೈಗೆಟುಕುವಂಥದ್ದೆಂದು ಸುದ್ದಿ ಬಂತು. ಮಿಸ್ತ್ರಿಗೆ ಅವತ್ತು ಕೈತುಂಬ ಕೆಲಸ. ಹಾಳೆ ನನ್ನ ಹತ್ತಿರ ಇದೆಯಲ್ಲ ಎಂಬ ಧೈರ್ಯದಿಂದ ಹಿರಿಯರೊಬ್ಬರನ್ನೇ ಕರೆದುಕೊಂಡು ಹೋದೆ. ಮುಟ್ಟಿದಾಗ ಹನ್ನೊಂದು ದಾಟಿತ್ತು.

ಜೀಪನ್ನು ಭಟ್ಟಿಯ ಅಂಗಳದ ಇಳಿಜಾರಿನಲ್ಲಿ, ಗಾಲಿಗೆ ಒಂದು ಕಲ್ಲು ಕೊಟ್ಟು ನಿಲ್ಲಿಸಿದ್ದರು. ಕನ್ನಡಿಯ ಹಾಗೆ ತೊಳೆದಿದ್ದರು, ಮೂತಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಮಾಲೀಕರು ನಗುನಗುತ್ತ ಬಂದರು. "ಬರ್ರಿ, ಬರ್ರಿ. ಈಗಷ್ಟ ಸ್ಟೇಶನ್ನಿಗೆ ಹೋಗಿ ಬಂದೇನ್ರಿ."

ಇಂಜಿನ್ನಿನ ಮೇಲೆ ಕೈ ಇಟ್ಟೆ. ಬಿಸಿ. ಹಾಳೆಯ ಮೊದಲ ಸಾಲು ಬಿಟ್ಟು ಎರಡನೆಯದರಿಂದ ಶುರು ಮಾಡಿದೆ. ಹೊಗೆ ಚೊಕ್ಕಟ, ನೀರು ಚೊಕ್ಕಟ, ಚಾಸಿ ಗಟ್ಟಿ, ನಂಬರು ಸರಿ. ಇಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಬಿರಡೆ ತೆಗೆದು ನೋಡಬೇಕೆಂದು ಬರೆದಿತ್ತು. ತೆಗೆದೆ. ಸಣ್ಣಗೆ ಹೊಗೆ ಬುಸುಗುಡುತ್ತಿತ್ತು. "ಬಿಸಿ ಇದ್ದಾಗ ಬರೂದರೀ," ಎಂದರು ಮಾಲೀಕರು. ಬರುವುದೇ ಇರಬೇಕು ಅಂದುಕೊಂಡೆ. ಆಮೇಲೆ ಅವರು ಜೀಪನ್ನು ಮಣ್ಣು ತೆಗೆಯುವ ಕುಣಿಗೆ ಇಳಿಸಿ, ಜಿಗುಟು ಕೆಸರಿನಿಂದ ನಾಲ್ಕೂ ಗಾಲಿಯಲ್ಲಿ ಏರಿಸಿ ತೋರಿಸಿದರು. ಏನು ಚಂದ ಏರಿತು! ಕಾಡಂಚಿನ ಎಲ್ಲ ದಾರಿಗಳೂ ನನಗೆ ಆ ಕುಣಿಯ ಏರಿನಲ್ಲೇ ಕಂಡವು. ಜೀಪು ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಹಿರಿಯರು ಅದರ ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದರು.

ಅಷ್ಟರಲ್ಲಿ ಮಾಲೀಕರ ತಾಯಿ ಬಾಗಿಲಿಗೆ ಬಂದು ಕರೆದರು. ಅವರು ಮನೆಯಲ್ಲಿ ಮರಾಠಿ, ಹೊರಗಿನವರೊಡನೆ ಕನ್ನಡ ಆಡುವವರು. ಎಲ್ಲರಿಗೂ ಚಹಾ ಆಯಿತು. "ಲಗ್ನಾ ಆಗಿ ಎಷ್ಟ ವರ್ಷಾತು?" ಎಂದು ಕೇಳಿ, "ಮುತ್ತೈದಿ ಮೊದಲನೇ ಸಲಾ ಮನಿಗಿ ಬಂದಿ, ಹಂಗ ಹೆಂಗ ಕಳಸ್ಲಿ?" ಎಂದು ದೇವರ ಮುಂದೆ ಮಣೆ ಹಾಕಿದರು. ಉಡಿ ತುಂಬುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮಾಡುವ ಮರ್ಯಾದೆ. ಬೇಡ ಎನ್ನುವ ಮಾತೇ ಇಲ್ಲ. ಸೆರಗು ಒಡ್ಡಿದೆ. ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಅಡಿಕೆ, ಉತ್ತುತ್ತಿ, ರವಿಕೆಗೆಂದು ಒಂದು ಹಸಿರು ಖಣ. ಹಣೆಗೆ ಕುಂಕುಮ ಹಚ್ಚಿ, ಅವರು ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಜೀಪಿನ ಕಡೆ ನೋಡಿದರು. "ಆತು. ನಮ್ಮ ಲಕ್ಷ್ಮಿ ಇನ್ನ ನಿನ್ನ ಮನೀಯಕಿ. ಚಂದಂಗ ನೋಡ್ಕೋ."

ನನಗೆ ಅರ್ಥವಾಗುವ ಮೊದಲೇ ಮಾಲೀಕರು ಫೋನಿನ ಹತ್ತಿರ ಹೋಗಿದ್ದರು. "ಆಯಿ ಉಡಿ ತುಂಬಿದ್ಳಂದ್ರ ವ್ಯವಹಾರ ಮುಗೀತ್ರಿ," ಎಂದು ನನಗೆ ಹೇಳಿ, ಹಿಂದಿನ ದಿನ ಜೀಪು ನೋಡಿ ಹೋಗಿದ್ದ ಗೋವಾದ ಗಿರಾಕಿಗೆ ನನ್ನೆದುರೇ ಮರಾಠಿಯಲ್ಲಿ ಇಲ್ಲ ಎಂದುಬಿಟ್ಟರು.

ಸೆರಗಿನ ತುಂಬ ಅಕ್ಕಿ, ಎರಡೂ ಕೈ ಸೆರಗಿಗೆ. ಹಾಳೆ ನೋಡೋಣವೆಂದರೆ ಕೈ ಬಿಡುವ ಹಾಗಿಲ್ಲ, ಮಣೆಯಿಂದ ಜಿಗಿದು ಓಡುವ ಹಾಗಂತೂ ಇಲ್ಲವೇ ಇಲ್ಲ. ಸಂತೆಯಲ್ಲಿ ಕಾಲು ಕಟ್ಟಿ ಕೂರಿಸಿದ ಕುರಿ ಕಣ್ಣು ಹೊರಳಿಸುತ್ತದಲ್ಲ, ಹಾಗೆ ಆಚೀಚೆ ನೋಡಿದೆ. ನಾಳೆ ಮುಂಜಾನೆ ಒಮ್ಮೆ ತಣ್ಣಗಿದ್ದಾಗ ನೋಡಬಹುದೇ ಎಂದು ಮೆಲ್ಲಗೆ ಕೇಳಿದೆ. ಮಾಲೀಕರ ನಗು ಅಲ್ಲಿಗೇ ನಿಂತಿತು. "ಉಡಿ ತುಂಬಿಸಿಕೊಂಡ ಮ್ಯಾಲ ನಂಬಿಕಿ ಇಲ್ಲೇನ್ರಿ?"

ಬಾಗಿಲಲ್ಲಿ ಹಿರಿಯರು ಕೆಮ್ಮಿದರು. "ಅಕ್ಕಾರ, ಒಂದೀಟ ಹೊರಗ ಬರ್ರಿ."

ಸೆರಗು ಹಿಡಿದುಕೊಂಡೇ ಹೋದೆ. ಅವರು ಗಾಲಿಗೆ ಕೊಟ್ಟಿದ್ದ ಕಲ್ಲು ತೋರಿಸಿದರು. ಅದರ ಒಂದು ಮಗ್ಗುಲು ರಬ್ಬರು ತಿಕ್ಕಿ ತಿಕ್ಕಿ ಕರ್ರಗೆ ನುಣ್ಣಗಾಗಿತ್ತು. ಅಲ್ಲಿಂದ ಇಳಿಜಾರಿನ ಕೆಳಗಿನವರೆಗೆ ಗಾಲಿ ಉರುಳಿದ ಎರಡು ಜಾಡು ನೆಲದಲ್ಲಿ ಆಳವಾಗಿ ಬಿದ್ದಿದ್ದವು.

"ದಿನಾ ತಗದ ದಿನಾ ಇಟ್ಟ ಕಲ್ಲ ಇದು," ಎಂದರು ಹಿರಿಯರು. "ಈ ಗಾಡಿ ಮುಂಜಾನಿ ತಾನಾಗಿ ಏಳೂದಿಲ್ಲರಿ. ಉಳ್ಳಿಸಿ ಎಬ್ಬಸ್ತಾರ."

"ಮತ್ತ ಮೊದಲ ಯಾಕ ಹೇಳಲಿಲ್ಲ ಕಾಕಾ?"

"ನೀವು ಕಲತವರು. ಮತ್ತ ಅವರ ಮನೀ ಚಾ ಕುಡದಿದ್ದೆ. ಹೆಂಗ ಅನ್ಲಿ?"

ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಈಗ ಸುಮ್ಮನಿದ್ದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಡಂಚಿನ ಯಾವುದೋ ಸಪಾಟು ಗದ್ದೆಯಲ್ಲಿ, ಉರುಳಿಸಲು ಇಳಿಜಾರಿಲ್ಲದ ಕಡೆ, ಮುಂಜಾನೆ ಈ ಜೀಪು ಏಳುವುದಿಲ್ಲ. ಐಸು ಕರಗುತ್ತದೆ. ಆಚೆ ಕಡೆ ಕುರಿ ಕೂಡಿಹಾಕಿಕೊಂಡು ಈ ಹಿರಿಯರೇ ಕಾಯುತ್ತಿರುತ್ತಾರೆ. ಮತ್ತೆ ನಾನು ನಾಚಿಕೊಂಡು ಸತ್ತ ಲಸಿಕೆ ಚುಚ್ಚುತ್ತೇನೆ. ಬೇಡ ಎನ್ನೋಣವೆಂದರೆ ಒಳಗೆ ಆ ಮುದುಕಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಗೋವಾದ ಗಿರಾಕಿ ಕೈತಪ್ಪಿ ಹೋಗಿದ್ದಾನೆ. ಎತ್ತ ತಿರುಗಿದರೂ ಬಾಗಿಲಿಲ್ಲ. ಸುಳ್ಳಿನ ನೆಪಗಳನ್ನು ಹುಡುಕಿದೆ. ಅಧ್ಯಕ್ಷರು ಒಪ್ಪಬೇಕು, ಕಾಗದ ನೋಡಬೇಕು. ಯಾವುದೂ ನಾಳೆಯವರೆಗೂ ಬಾಳುವಂಥದ್ದಾಗಿರಲಿಲ್ಲ. ಕೊನೆಗೆ ಉಳಿದದ್ದು ಖರೆ ಮಾತು ಒಂದೇ. ಅದನ್ನು ಹೇಳಬೇಕೆಂದರೆ ಈ ಹಿರಿಯರ ಎದುರಿಗೇ ಹೇಳಬೇಕಾಗಿತ್ತು.

ಒಳಗೆ ಹೋಗಿ ತಾಯಿಯ ಮುಂದೆ ನೆಲದ ಮೇಲೆ ಕೂತೆ. "ಆಯೀ, ಒಂದ ಮಾತ ಹೇಳೂದೈತಿ. ಹೋದ ವರ್ಷ ನಮ್ಮ ಜೀಪ ಕೆಟ್ಟು ನಿಂತು ಔಷಧಿ ಬೆಚ್ಚಗಾಗಿತ್ತು. ಎಲ್ಲಾರೂ ಕಾದು ಕುಂತಿದ್ರು, ರೊಟ್ಟಿ ಮಾಡಿದ್ರು. ಇಲ್ಲಾ ಅನ್ನಾಕ ನನಗ ನಾಚಿಕಿ ಬಂತು. ಅದನ್ನ ಕುರಿಗಿ ಹಾಕಿದೆ. ಮರಿ ಸತ್ತವು. ಈ ಕಾಕಾನ ಮರಿ. ಇವತ್ತೂ ನಿಮಗ ಇಲ್ಲಾ ಅನ್ನಾಕ ನನಗ ಅಷ್ಟ ನಾಚಿಕಿ ಆಗಾಕತ್ತೇತಿ. ಅದಕ್ಕ ಕೇಳತೇನಿ. ನಾಳೆ ಮುಂಜಾನಿ ತಣ್ಣಗಿದ್ದಾಗ ಸಪಾಟ ಜಾಗಾದಾಗ ಒಂದ ಸಲಾ ನೋಡತೇನಿ. ಅದು ಎದ್ದಿಲ್ಲಂದ್ರ ಒಯ್ಯೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಹಿರಿಯರ ಮುಖ ನೋಡುವ ಧೈರ್ಯ ಬರಲಿಲ್ಲ. ಮಾಲೀಕರು ಏನೋ ಹೇಳಲು ಬಾಯಿ ತೆರೆದರು. ತಾಯಿ ಅವರತ್ತ ಕೈ ಚಾಚಿದರು. "ಕೀಲಿ ಕೊಡು." ಅದನ್ನು ಇಸಕೊಂಡು ನನ್ನ ಸೆರಗಿನ ಅಕ್ಕಿಯ ಮೇಲೆ ಇಟ್ಟರು. ಇನ್ನು ನಾನು ಬರುವ ಮೊದಲು ಅದನ್ನು ಯಾರೂ ಬಿಸಿ ಮಾಡುವ ಹಾಗಿರಲಿಲ್ಲ.

ನಾನು ಬೆಳಗಾವಿಯ ಬಸ್ಸಿಗೆ ಹೊರಟೆ. ಹಿರಿಯರು ಅಲ್ಲೇ ಉಳಿಯುತ್ತೇನೆಂದರು. ಟಗರು ಕೊಳ್ಳುವಾಗ ಅವರು ಹಿಂದಿನ ರಾತ್ರಿ ಅದರ ಹತ್ತಿರವೇ ಮಲಗುತ್ತಾರಂತೆ. ಅದು ಹೇಗೆ ಮಲಗಿತು, ಹೇಗೆ ಎದ್ದಿತು ಎಂದು ನೋಡದೆ ಹಗ್ಗ ಹಿಡಿಯುವುದಿಲ್ಲವಂತೆ. ಗೇಟಿನವರೆಗೆ ಬಂದು, ನನ್ನ ಮುಖ ನೋಡದೆ, ದಾರಿಯ ಕಡೆ ನೋಡುತ್ತ ಹೇಳಿದರು.

"ನನಗ ಗೊತ್ತಿತ್ರೀ ಅಕ್ಕಾರ."

"ಏನು?"

"ಬಾಟಲಿ ನಾನ ಹಿಡದಿದ್ನೆಲ್ಲಾ. ಅದರ ಹಿಂದಿನ ವರ್ಷ ಹಿಡದಾಗ ಥಂಡಿಗಿ ಬೆರಳ ಸೆಟದಿದ್ವು. ಅವತ್ತ ಬೆಚ್ಚಗಿತ್ತು. ಅನಬೇಕ ಅಂದೆ. ನೀವು ಅಷ್ಟ ದೂರಿಂದ ಬಂದಿದ್ರಿ, ಧೂಳ ಬಡದು ಮಾರಿ ಗುರುತ ಸಿಗತಿರಲಿಲ್ಲ. ಹೆಂಗ ಅನ್ಲಿ ಅಂತ ಸುಮ್ನಾದೆ. ಮರಿ ನಿಮ್ಮಿಂದಷ್ಟ ಸತ್ತಿಲ್ಲರಿ."

ಒಂದು ವರ್ಷ ನಾನು ಅವರಿಂದ ಮುಖ ಮರೆಸಿಕೊಂಡು ತಿರುಗಿದ್ದೆ. ಅವರೂ ನನ್ನಿಂದ ಅದನ್ನೇ ಮಾಡುತ್ತಿದ್ದರು. ಬಸ್ಸಿನಲ್ಲಿ ಮಡಿಲಲ್ಲಿ ಉಡಿ ಇಟ್ಟುಕೊಂಡು ಅತ್ತೆ. ಪಕ್ಕದ ಹೆಂಗಸು ತವರಿನಿಂದ ಬರುತ್ತಿರುವವಳು ಎಂದುಕೊಂಡು ನನ್ನ ಬೆನ್ನು ಸವರಿದಳು.

ಮರುದಿನ ಮೊದಲ ಬಸ್ಸಿಗೆ ಮಿಸ್ತ್ರಿಯನ್ನು ಕರೆದುಕೊಂಡು ಹೋದೆ. ಜೀಪನ್ನು ನಾವೇ ನೂಕಿ ಭಟ್ಟಿಯ ಮುಂದಿನ ಸಪಾಟು ಜಾಗಕ್ಕೆ ತಂದೆವು. ಇಂಜಿನ್ ಮಂಜಿಗೆ ತಣ್ಣಗೆ ಕೊರೆಯುತ್ತಿತ್ತು. ಮಿಸ್ತ್ರಿ ಕೀಲಿ ತಿರುವಿದ. ಇಂಜಿನ್ ಜೋರಾಗಿ ತಿರುಗಿತು, ಬಿಳಿ ಹೊಗೆ ಉಗುಳಿತು, ಹತ್ತಲಿಲ್ಲ. ಸ್ವಲ್ಪ ತಡೆದು ಮತ್ತೆ ತಿರುವಿದ. ಮತ್ತೆ ಬರೀ ಬಿಳಿ ಹೊಗೆ.

"ಹೊಸಾ ಬ್ಯಾಟರಿ ಹಾಕಿ ಕೊಡತೇನ್ರಿ," ಎಂದರು ಮಾಲೀಕರು.

"ಬ್ಯಾಟರಿ ಝಕಾಸ ಐತ್ರಿ. ತಿರುಗೂದ ಕೇಳಸ್ತಲ್ಲ?" ಎಂದ ಮಿಸ್ತ್ರಿ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಒಂದೊಂದು ನಳಿಕೆ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ, ನನ್ನಿಂದ ಕೀಲಿ ತಿರುವಿಸಿ ನೋಡಿದ. ಎರಡು ಕಡೆ ಗಾಳಿ ಅವನ ಬೆರಳನ್ನು ಎತ್ತಲೇ ಇಲ್ಲ. "ಒಳಗ ಪೂರಾ ಸವದೈತ್ರಿ. ಬಿಚ್ಚಿ ಎಲ್ಲಾ ಹೊಸಾದು ಹಾಕಬೇಕು. ದೀಪಾವಳಿಗಿ ಆಗೂ ಮಾತಲ್ಲ."

ಎಲ್ಲರೂ ನನ್ನ ಕಡೆ ನೋಡಿದರು.

"ಬ್ಯಾಡ್ರಿ," ಎಂದೆ. ಅಷ್ಟು ಸಣ್ಣ ಮಾತು ಹೊರಗೆ ಬರಲು ಅಷ್ಟು ಜಾಗ ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾಲೀಕರು ಒಳಗೆ ಹೋದರು. ಅವರು ಪೂರಾ ಸುಳ್ಳು ಹೇಳಿದವರಲ್ಲ, ಕೇಳದ್ದನ್ನು ಹೇಳಿರಲಿಲ್ಲ ಅಷ್ಟೇ. ನಾನು ಚೀಲದಲ್ಲಿ ಕಟ್ಟಿ ತಂದಿದ್ದ ಅಕ್ಕಿ, ಕಾಯಿ, ಖಣ ಎಲ್ಲವನ್ನೂ ಕೀಲಿಯ ಜೊತೆ ತಾಯಿಯ ಮುಂದೆ ಇಟ್ಟೆ. ಅವರು ಕೀಲಿ ಮಾತ್ರ ಎತ್ತಿಕೊಂಡರು. "ಉಡಿ ತಿರುಗಿ ಇಸಕೊಳ್ಳೂದಿಲ್ಲ. ಅಂವಾ ಸಿಟ್ಟಿನ್ಯಾಗ ಅದಾನ. ನಾನೂ ಅದೀನಿ. ನೀ ತಗೊಂಡ ಹೋಗು."

ಹಿರಿಯರು ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡರು. ದಾರಿಯಲ್ಲಿ ಮಚ್ಛೆಗೆ ಇಳಿದು, ಹಗ್ಗ ಕಟ್ಟಿದ ಜೀಪಿನವರ ಬಾಗಿಲು ಬಡಿದೆವು. ಅಟ್ಟದಿಂದ ಶಾಫ್ಟು ಇಳಿಯಿತು. ಮಿಸ್ತ್ರಿ ಅದರ ಜೋಡಣೆಗಳನ್ನು ಹೊಸದಾಗಿ ಹಾಕಿ ಕೂರಿಸಿದ. ಮತ್ತೆ ಅದೇ ಕೆಸರಿನಲ್ಲಿ ಹಿಡಿಕೆ ಎಳೆದಾಗ ಮುಂದಿನ ಗಾಲಿಗಳೂ ತಿರುಗಿ ನಮ್ಮೆಲ್ಲರ ಮೈಮೇಲೆ ಕೆಸರು ಹಾರಿಸಿದವು. ಹೋದ ವರ್ಷದ ಲಸಿಕೆಯ ಮಾತನ್ನು ಅಧ್ಯಕ್ಷರಿಗೂ ಹೇಳಿದೆ. ಅವರು ಬಹಳ ದಿನ ನನ್ನೊಡನೆ ಬಿಗಿಯಾಗಿಯೇ ಇದ್ದರು. ಜೀಪಿಗೆ ಹೊಸ ಹುಡ್ಡು ಬಂತು. ಬಾಗಿಲಿನ ಹಗ್ಗ ಹಾಗೇ ಉಳಿಯಿತು.

ಆ ಚಳಿಗಾಲ ಜೀಪು ಒಂದು ಸಲವೂ ಕೈಕೊಡಲಿಲ್ಲ. ಆದರೂ ಒಮ್ಮೆ, ಹೇಳಿದ ಜಾಗದಲ್ಲಿ ಹಿರಿಯರ ಹಿಂಡು ಇರಲಿಲ್ಲ. ಮೇವು ಮುಗಿದು ಮುಂದಿನ ಊರಿಗೆ, ಅಲ್ಲಿಂದ ಇನ್ನೂ ಮುಂದಿನ ಊರಿಗೆ ಹೋಗಿತ್ತು. ಹುಡುಕಿ ಮುಟ್ಟುವಷ್ಟರಲ್ಲಿ ಎರಡು ದಿನ ಆಗಿತ್ತು. ಕುರಿಗಳನ್ನು ಕೂಡಿಹಾಕಿದ್ದರು. ಒಲೆಯ ಪಕ್ಕ ರೊಟ್ಟಿ ಬಟ್ಟೆ ಹೊದ್ದು ಕಾದಿತ್ತು. ಪೆಟ್ಟಿಗೆ ತೆರೆದು, ನಾನು ಮುಟ್ಟಿ ನೋಡುವ ಮೊದಲೇ ಬಾಟಲಿಯನ್ನು ಹಿರಿಯರ ಕೈಗೆ ಕೊಟ್ಟೆ. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದರು, ಆಮೇಲೆ ಕೆನ್ನೆಗೆ ಒತ್ತಿಕೊಂಡರು.

"ಇವತ್ತ ಬ್ಯಾಡ್ರೀ ಅಕ್ಕಾರ," ಎಂದರು.

ಪೆಟ್ಟಿಗೆ ಮುಚ್ಚಿದೆ. ಅವರು ಹೋಗಿ ತಡಿಕೆ ಸರಿಸಿ ಕುರಿಗಳನ್ನು ಮೇಯಲು ಬಿಟ್ಟು ಬಂದರು. ಆಮೇಲೆ ಕೈ ತೊಳೆದುಕೊಂಡು ಇಬ್ಬರೂ ರೊಟ್ಟಿಗೆ ಕೂತೆವು.